ಒಂದೇ ಒಲೆಯೋ, ಮೇಲೆ ಕೆಳಗೋ, ಪಕ್ಕದ ಬೀದಿಯೋ: ಅಪ್ಪ ಅಮ್ಮನಿಗೆ ಎಷ್ಟು ಹತ್ತಿರ ಇರಬೇಕು?

ಅಪ್ಪ ರಿಟೈರ್ ಆಗುವ ಹೊತ್ತಿಗೆ, ಮನೆಗೆ ಮಗು ಬರುವ ಹೊತ್ತಿಗೆ, ಇಲ್ಲವೇ ಊರಿನ ಮನೆಯಲ್ಲಿ ಅಮ್ಮ ಒಬ್ಬರೇ ಉಳಿದಾಗ ಈ ಮಾತು ಬರುತ್ತದೆ. "ಎಲ್ಲರೂ ಒಟ್ಟಿಗೇ ಇರೋಣ್ವಾ?" ಬಹಳ ಮನೆಗಳಲ್ಲಿ ಇದಕ್ಕೆ ಹೌದು ಅಥವಾ ಇಲ್ಲ, ಎರಡೇ ಉತ್ತರ. ಒಟ್ಟಿಗಿದ್ದರೆ ಒಳ್ಳೆ ಮಗ, ಬೇರೆ ಮನೆ ಮಾಡಿದರೆ ಹೆಂಡತಿ ಮಾತು ಕೇಳಿದವನು. ನೆಂಟರು ಹೀಗೆ ತೀರ್ಪು ಕೊಟ್ಟು ಊಟ ಮಾಡಿಕೊಂಡು ಹೋಗುತ್ತಾರೆ. ಆಮೇಲೆ ಬದುಕಬೇಕಾದವರು ಮನೆಯವರು.

ಈ ಎರಡು ಉತ್ತರಗಳ ನಡುವೆ ಬೇಕಾದಷ್ಟು ದಾರಿಗಳಿವೆ. ಒಂದೇ ಮನೆ ಒಂದೇ ಅಡುಗೆ, ಒಂದೇ ಕಟ್ಟಡದಲ್ಲಿ ಮೇಲೆ ಕೆಳಗೆ, ಅದೇ ಬಡಾವಣೆಯಲ್ಲಿ ಎರಡು ಮನೆ, ಅಪ್ಪ ಅಮ್ಮ ಊರಲ್ಲಿ ಮಕ್ಕಳು ಸಿಟಿಯಲ್ಲಿ. ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ, ಹಿರಿಯರು ತಮ್ಮ ಪಾಡಿಗೆ ಓಡಾಡಿಕೊಂಡಿರುವವರೆಗೆ, ಒಲೆ ಬೇರೆ ಇರಲಿ, ಮನೆ ಹತ್ತಿರ ಇರಲಿ. ಹಿರಿಯರಲ್ಲಿ ಒಬ್ಬರೇ ಉಳಿದಾಗ, ಅಥವಾ ಮರೆವಿನ ಕಾಯಿಲೆ ಶುರುವಾದಾಗ, ಒಂದೇ ಸೂರು. ಇದು ಎಲ್ಲರಿಗೂ ಹೊಂದುವುದಿಲ್ಲ. ನಿಮ್ಮ ಮನೆಗೆ ಯಾವುದು ಸರಿ ಅಂತ ನೋಡಲು ಒಂದು ಪ್ರಶ್ನೆ ಸಾಕು: ಬೆಳಗ್ಗೆ ಮೊದಲು ಎದ್ದು ರಾತ್ರಿ ಕೊನೆಗೆ ಮಲಗುವವರು ಯಾರು? ಅವರನ್ನು ಕೇಳದೆ ಏನನ್ನೂ ತೀರ್ಮಾನ ಮಾಡಬೇಡಿ.

ಒಂದೇ ಮನೆ, ಒಂದೇ ಒಲೆ

ಧಾರವಾಡ ಜಿಲ್ಲೆಯ ಲೋಕೂರಿನ ನರಸಿಂಗನವರ ಮನೆತನದ ಬಗ್ಗೆ ಪತ್ರಿಕೆಗಳಲ್ಲಿ ಓದಿರುತ್ತೀರಿ. ನೂರಕ್ಕೂ ಹೆಚ್ಚು ಜನರ ಒಟ್ಟು ಕುಟುಂಬ ಅದು. ಅಂಥ ಮನೆಗಳ ಮಾತು ಬಂದಾಗ ನಾವು ಪ್ರೀತಿ, ಹೊಂದಾಣಿಕೆ ಅಂತ ಹೇಳಿ ಸುಮ್ಮನಾಗುತ್ತೇವೆ. ಅವು ಇವೆ ನಿಜ. ಆದರೆ ಅವುಗಳ ಬುಡದಲ್ಲಿ ಹೊಲವೂ ಇದೆ. ಬಿತ್ತನೆಗೆ, ಕಳೆಗೆ, ಸುಗ್ಗಿಗೆ ಕೈಗಳು ಬೇಕು. ದುಡಿಮೆ ಒಂದೇ, ಬಂದ ಕಾಳು ಸೇರುವ ಕಣಜವೂ ಒಂದೇ, ಹಾಗಾಗಿ ಒಲೆಯೂ ಒಂದೇ. ಅಡಿಕೆ ತೋಟ, ಜವಳಿ ಅಂಗಡಿ, ಹೋಟೆಲ್ ನಡೆಸುವ ಮನೆಗಳಲ್ಲಿ ಒಟ್ಟು ಕುಟುಂಬ ಈಗಲೂ ಗಟ್ಟಿಯಾಗಿ ನಿಂತಿರುವುದು ಇದೇ ಕಾರಣಕ್ಕೆ. ಸಂಬಳದ ಮನೆಯಲ್ಲಿ ಒಬ್ಬೊಬ್ಬರ ದುಡಿಮೆ ಒಂದೊಂದು ಆಫೀಸಿನಲ್ಲಿ, ದುಡ್ಡು ಒಂದೊಂದು ಖಾತೆಯಲ್ಲಿ. ಅಲ್ಲಿ ಒಲೆ ಮಾತ್ರ ಒಂದೇ ಇರಲಿ ಅಂದರೆ, ಆ ಭಾರವೆಲ್ಲ ಒಲೆಯ ಮುಂದೆ ನಿಂತವರ ಮೇಲೆ ಬೀಳುತ್ತದೆ.

ಇದರಿಂದ ಸಿಗುವುದು ಕಡಿಮೆಯೇನಲ್ಲ. ಅಜ್ಜಿಯ ತೊಡೆಯ ಮೇಲೆ ಬೆಳೆದ ಮಗು, ಎಷ್ಟೇ ಇಂಗ್ಲಿಷ್ ಶಾಲೆಗೆ ಹೋದರೂ, ಮನೆಯ ಕನ್ನಡವನ್ನು ಬಿಡುವುದಿಲ್ಲ. ಯಾರಿಗಾದರೂ ಆಸ್ಪತ್ರೆ ಆಯಿತು ಅಂದರೆ ರಾತ್ರಿ ಜೊತೆಗಿರಲು ಒಬ್ಬರು, ಮನೆಯಲ್ಲಿ ಮಕ್ಕಳ ಜೊತೆ ಒಬ್ಬರು ಇರುತ್ತಾರೆ. ಬಾಡಿಗೆ ಒಂದು, ಫ್ರಿಜ್ ಒಂದು, ಕೆಲಸದವರ ಸಂಬಳ ಒಂದು. ಮಧ್ಯಾಹ್ನ ಅಪ್ಪನಿಗೆ ಮಾತಾಡಲು ಮನೆಯಲ್ಲಿ ಜನ ಇರುತ್ತಾರೆ.

ಕಷ್ಟ ಎಲ್ಲಿ ಶುರುವಾಗುತ್ತದೆ? ಅಡುಗೆಮನೆಯಲ್ಲಿ. ಮಾವನಿಗೆ ಉಪ್ಪು ಕಡಿಮೆ, ಅತ್ತೆಗೆ ಸಕ್ಕರೆ ಕಾಯಿಲೆ, ಅನ್ನದ ಬದಲು ಮುದ್ದೆ ಇಲ್ಲವೇ ಚಪಾತಿ. ಮಗಳಿಗೆ ಡಬ್ಬಿಗೆ ಚಿತ್ರಾನ್ನ, ಮಗನಿಗೆ ಅದು ಆಗಲ್ಲ. ಇದೆಲ್ಲ ಬೆಳಗ್ಗೆ ಎಂಟರೊಳಗೆ ಮುಗಿದು, ಎಂಟೂಕಾಲಿಗೆ ಸೊಸೆ ಕ್ಯಾಬ್ ಹತ್ತಬೇಕು. "ನಮ್ಮ ಕಾಲದಲ್ಲಿ ಹತ್ತು ಜನಕ್ಕೆ ಅಡುಗೆ ಮಾಡ್ತಿದ್ವಿ" ಅಂತ ಅತ್ತೆ ಹೇಳುವುದು ಸುಳ್ಳಲ್ಲ. ಆದರೆ ಅವರಲ್ಲಿ ಬಹಳ ಜನರಿಗೆ ಆಗ ಹಿಡಿಯಬೇಕಾದ ಕ್ಯಾಬ್ ಇರಲಿಲ್ಲ, ಪಕ್ಕದಲ್ಲಿ ಓರಗಿತ್ತಿಯರಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತದೆ ಗಾದೆ. ಈಗ ಇಬ್ಬರ ಕಾಲವೂ ಒಟ್ಟಿಗೇ ನಡೆಯುತ್ತಿದೆ. ಅತ್ತೆಗೆ 57, ಗಟ್ಟಿಮುಟ್ಟಾಗಿದ್ದಾರೆ. ಸೊಸೆಗೆ 30, ಸಂಬಳ ತರುತ್ತಾಳೆ. ಒಂದೇ ಅಡುಗೆಮನೆಗೆ ಇಬ್ಬರು ಯಜಮಾನಿಯರು ಅಂದರೆ, ಇಬ್ಬರೂ ಒಳ್ಳೆಯವರಾಗಿದ್ದರೂ ಕಷ್ಟವೇ.

ಹಿರಿಯರ ಕಡೆಯಿಂದಲೂ ನೋಡಬೇಕು. ಮಗುವನ್ನು ನೋಡಿಕೊಳ್ಳಲಿ ಅಂತಲೇ ಅಪ್ಪ ಅಮ್ಮನನ್ನು ಊರಿಂದ ಕರೆಸುವ ಮನೆಗಳು ಬಹಳ. ಎರಡು ವರ್ಷದ ಮಗುವಿನ ಹಿಂದೆ ದಿನಕ್ಕೆ ಹತ್ತು ಗಂಟೆ ಓಡುವುದು 65ರ ಮಂಡಿಗಳ ಕೈಲಾಗುವ ಕೆಲಸವಲ್ಲ. ಅವರು ಬಾಯಿಬಿಟ್ಟು ಹೇಳುವುದಿಲ್ಲ. ಮೊಮ್ಮಗ ತಾನೇ, ಬೇಡ ಅನ್ನೋದು ಹೇಗೆ? ಕರೆಸುವುದಾದರೆ ಮಗುವಿಗೆ ಒಬ್ಬ ಆಯಾ ಇರಲಿ, ಅಜ್ಜ ಅಜ್ಜಿ ಆಯಾಳ ಮೇಲೆ ಕಣ್ಣಿಟ್ಟು, ಮಗುವಿಗೆ ಕಥೆ ಹೇಳಿಕೊಂಡು ಇರಲಿ. ಅವರ ಊರು, ಬೆಳಗಿನ ವಾಕಿಂಗ್ ಗೆಳೆಯರು, ಸಂಜೆಯ ಭಜನೆ ಎಲ್ಲ ಬಿಟ್ಟು ಬಂದಿರುತ್ತಾರೆ ಅನ್ನುವುದನ್ನು ಮರೆಯಬೇಡಿ.

ಈ ದಾರಿ ಹಿಡಿಯುವುದಾದರೆ ಮೂರು ವಿಷಯದಲ್ಲಿ ರಾಜಿ ಬೇಡ. ಹಿರಿಯರಿಗೆ ಅವರ ಕೋಣೆಗೇ ಅಂಟಿಕೊಂಡ ಬಾತ್‌ರೂಮ್. ಗಂಡ ಹೆಂಡತಿಗೆ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ, ಯಾರೂ "ಯಾಕೆ ಬಾಗಿಲು ಹಾಕಿದ್ದೀರಿ" ಅಂತ ಕೇಳದ ರೂಢಿ. ಅಡುಗೆಗೆ ಒಬ್ಬರು ಸಹಾಯಕರು, ಇಲ್ಲವೇ ಮನೆಯ ಗಂಡಸರು ಪಾಳಿ ಹಾಕಿಕೊಂಡು ಒಲೆ ಮುಂದೆ ನಿಲ್ಲುವುದು. ಮೂರನೆಯದು ಇಲ್ಲದಿದ್ದರೆ ಮೊದಲ ಎರಡು ಇದ್ದೂ ಉಪಯೋಗವಿಲ್ಲ.

ಮೇಲೆ ಮಕ್ಕಳು, ಕೆಳಗೆ ಅಪ್ಪ ಅಮ್ಮ

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ 30-40 ಸೈಟು ಇರುವವರು ಹೆಚ್ಚಾಗಿ ಹಿಡಿಯುವ ದಾರಿ ಇದು. ಸರಿಯಾಗಿ ಕಟ್ಟಿದರೆ ಬಹಳ ಒಳ್ಳೆಯ ದಾರಿ. ಮೊಮ್ಮಕ್ಕಳು ದಿನಕ್ಕೆ ಇಪ್ಪತ್ತು ಸಲ ಮೆಟ್ಟಿಲು ಹತ್ತಿ ಇಳಿಯುತ್ತಾರೆ, ಆದರೆ ಎರಡು ಮನೆಗೂ ತಮ್ಮ ತಮ್ಮ ಬಾಗಿಲು ಇರುತ್ತದೆ.

ಕಟ್ಟುವಾಗ ಆಗುವ ದೊಡ್ಡ ತಪ್ಪು, ನೆಲಮಹಡಿಯನ್ನು ಪೂರ್ತಿ ಕಾರಿಗೆ ಬಿಟ್ಟು ಹಿರಿಯರನ್ನು ಮೊದಲ ಮಹಡಿಗೆ ಕಳಿಸುವುದು. ಇವತ್ತು ಅಪ್ಪ ಆರಾಮವಾಗಿ ಹತ್ತುತ್ತಾರೆ. ಮಂಡಿ ಆಪರೇಷನ್ ಆದ ಮೇಲೆ ಅದೇ ಮೆಟ್ಟಿಲು ಅವರನ್ನು ಮನೆಯೊಳಗೇ ಕೂಡಿಹಾಕುತ್ತದೆ. ಲಿಫ್ಟ್ ಹಾಕಿಸುವ ಶಕ್ತಿ ಇಲ್ಲದಿದ್ದರೆ ಕೆಳಗೆ ಒಂದು ಕೋಣೆ, ಒಂದು ಬಾತ್‌ರೂಮ್, ಒಂದು ಸಣ್ಣ ಅಡುಗೆ ಕಟ್ಟೆಯಾದರೂ ಇರಲಿ, ಕಾರು ಬೀದಿಯಲ್ಲಿ ನಿಂತರೂ ಪರವಾಗಿಲ್ಲ. ಮೆಟ್ಟಿಲು ಹೊರಗಿನಿಂದ ಇರಲಿ. ಒಳಗಿನಿಂದ ಇದ್ದರೆ ಅದು ಎರಡು ಮನೆ ಆಗುವುದಿಲ್ಲ, ಒಂದು ಡೂಪ್ಲೆಕ್ಸ್ ಆಗುತ್ತದೆ. ರಾತ್ರಿ ತಡವಾಗಿ ಬಂದವರ ಹೆಜ್ಜೆ ಸದ್ದು ಎಲ್ಲರಿಗೂ ಕೇಳುತ್ತದೆ.

ಬಾತ್‌ರೂಮ್ ಬಗ್ಗೆ ಇನ್ನೂ ಸ್ವಲ್ಪ. ಬಾಗಿಲು ಹೊರಗಡೆಗೆ ತೆರೆಯುವಂತೆ ಮಾಡಿಸಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಅವರ ದೇಹವೇ ತಡೆದುಬಿಡುತ್ತದೆ. ಚಿಲಕ ಹೊರಗಿನಿಂದಲೂ ಬಿಚ್ಚುವಂತಿರಲಿ. ಕಮೋಡ್ ಪಕ್ಕ ಮತ್ತು ಸ್ನಾನದ ಜಾಗದಲ್ಲಿ ಹಿಡಿಕೆ, ಜಾರದ ಟೈಲ್ಸ್, ಹೊಸ್ತಿಲು ಇಲ್ಲದ ನೆಲ. ಮಂಚದಿಂದ ಬಾತ್‌ರೂಮ್‌ವರೆಗೆ ರಾತ್ರಿ ಉರಿಯುವ ಸಣ್ಣ ದೀಪ. ಇದಕ್ಕೆ ಹೆಚ್ಚು ಖರ್ಚಿಲ್ಲ. ಸೊಂಟದ ಮೂಳೆ ಮುರಿದ ಮೇಲೆ ಆಗುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ಕರೆಂಟ್ ಮೀಟರ್ ಮೊದಲೇ ಬೇರೆ ಬೇರೆ ಮಾಡಿಸಿ. ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಎರಡು ಫ್ರಿಜ್, ಎರಡು ಗೀಸರ್, ಒಂದೇ ಮೀಟರ್ ಅಂದರೆ ದಾಟುವುದು ಸುಲಭ. ನೀರು ಇನ್ನೂ ಸೂಕ್ಷ್ಮ. ಸಂಪ್ ಒಂದೇ, ಮೋಟಾರ್ ಒಂದೇ ಇರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿನ ಅಭಾವ ಆದಾಗ, ಟ್ಯಾಂಕರ್ ದುಡ್ಡು ಯಾರು ಕೊಡಬೇಕು ಅನ್ನುವುದು ಮೇಲೆ ಕೆಳಗೆ ಇರುವ ಮನೆಗಳಿಗೆಲ್ಲ ಬಂದ ಪ್ರಶ್ನೆ. ಇಂಥ ಹಂಚಿಕೊಂಡ ಖರ್ಚುಗಳಿಗೆ ತಿಂಗಳಿಗೆ ಇಬ್ಬರೂ ಇಷ್ಟು ಅಂತ ಒಂದು ಖಾತೆಗೆ ಹಾಕಿಬಿಟ್ಟರೆ ಮಾತು ಬೆಳೆಯುವುದಿಲ್ಲ.

ಇನ್ನೊಂದನ್ನು ಗಮನಿಸಿ. ಬಹಳ ಮನೆಗಳಲ್ಲಿ ಅಡುಗೆಮನೆ ಎರಡು, ಉರಿಯುವ ಒಲೆ ಒಂದೇ. ಮೇಲಿನವರು ಆಫೀಸಿಂದ ಸುಸ್ತಾಗಿ ಬಂದು ಕೆಳಗೆ ಊಟಕ್ಕೆ ಕೂರುತ್ತಾರೆ. ಅಮ್ಮನಿಗೂ ಖುಷಿ. ಆದರೆ ವರ್ಷಗಳು ಕಳೆದಂತೆ 70ರ ಅಮ್ಮ ಆರು ಜನಕ್ಕೆ ಅಡುಗೆ ಮಾಡುತ್ತಿರುತ್ತಾರೆ, ಯಾರೂ ಅದನ್ನು ತೀರ್ಮಾನ ಮಾಡಿರುವುದಿಲ್ಲ. ವಾರದಲ್ಲಿ ಕೆಲವು ದಿನ ಸಾರು, ಪಲ್ಯ ಮೇಲಿನಿಂದ ಕೆಳಗೆ ಬರಲಿ.

ಅದೇ ಬಡಾವಣೆ, ಎರಡು ಮನೆ

ನನಗೆ ಹೆಚ್ಚು ಇಷ್ಟವಾಗುವುದು ಇದು. ಕೂಗಳತೆ ದೂರ ಅಲ್ಲದಿದ್ದರೂ ನಡೆದು ಹೋಗುವಷ್ಟು ದೂರ. ಸಿಂಗಪುರದಲ್ಲಿ ಸರ್ಕಾರವೇ ಇದಕ್ಕೆ ದುಡ್ಡು ಕೊಡುತ್ತದೆ. 2015ರಿಂದ ಅಲ್ಲಿ, ಅಪ್ಪ ಅಮ್ಮನ ಜೊತೆ ಅಥವಾ ಹತ್ತಿರ ಇರಲು ಹಳೆಯ ಸರ್ಕಾರಿ ಫ್ಲ್ಯಾಟ್ ಕೊಳ್ಳುವವರಿಗೆ ಸಹಾಯಧನ ಇದೆ. ಈಗ ಕುಟುಂಬಗಳಿಗೆ ಒಟ್ಟಿಗಿದ್ದರೆ 30,000 ಸಿಂಗಪುರ ಡಾಲರ್, 4 ಕಿಲೋಮೀಟರ್ ಒಳಗಿದ್ದರೆ 20,000. ಹತ್ತಿರದ ಮನೆಯನ್ನೂ ಜೊತೆಗಿದ್ದಂತೆಯೇ ಅಂತ ಲೆಕ್ಕ ಹಿಡಿದಿದ್ದಾರೆ, ನೋಡಿ.

ನಮ್ಮಲ್ಲೂ ಇದು ಹೊಸದೇನಲ್ಲ. ಕೊಡಗಿನಲ್ಲಿ ಒಂದು ಒಕ್ಕದ, ಅಂದರೆ ಒಂದೇ ಮನೆತನದ ಜನ ತಮ್ಮ ತಮ್ಮ ತೋಟಗಳಲ್ಲಿ ಬೇರೆ ಬೇರೆ ಮನೆ ಮಾಡಿಕೊಂಡಿರುತ್ತಾರೆ. ಐನ್‌ಮನೆ, ಅಂದರೆ ಹಿರಿಯರ ಮೂಲಮನೆ ಮಾತ್ರ ಎಲ್ಲರದು. ಪುತ್ತರಿ, ಕೈಲ್‌ಪೊಳ್ದ್ ಹಬ್ಬಗಳಿಗೆ, ಹಿರಿಯರಿಗೆ ಎಡೆ ಇಡುವ ದಿನ ಅಲ್ಲಿ ಸೇರುತ್ತಾರೆ. ತುಳುನಾಡಿನ ಕುಟುಂಬದ ಮನೆಗಳಿಗೆ ದೈವದ ಸೇವೆಯ ದಿನ ಮುಂಬೈಯಿಂದಲೂ ಜನ ಬರುತ್ತಾರೆ. ದಿನದ ಒಲೆ ಬೇರೆಯಾದರೂ ಮನೆತನ ಒಂದೇ ಆಗಿ ಉಳಿಯಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹೆಣ್ಣುಮಕ್ಕಳ ಅಪ್ಪ ಅಮ್ಮನಿಗೆ ಈ ದಾರಿ ವರದಾನ. ಮಗಳ ಮನೆಯಲ್ಲೇ ಹೋಗಿ ಇರಲು ನಮ್ಮ ಹಿರಿಯರು ಇವತ್ತಿಗೂ ಹಿಂಜರಿಯುತ್ತಾರೆ. "ಅಳಿಯನ ಮನೆ ಊಟ" ಅಂತ ಯಾರಾದರೂ ಅಂದಾರು ಅನ್ನುವ ಭಯ. ಮಗಳ ಅಪಾರ್ಟ್‌ಮೆಂಟಿನಲ್ಲೇ ಇನ್ನೊಂದು ಬ್ಲಾಕಿನಲ್ಲಿ ಒಂದು ಬೆಡ್‌ರೂಮಿನ ಮನೆ ಮಾಡಿದರೆ ಆ ಮುಜುಗರ ಇರುವುದಿಲ್ಲ. ಒಬ್ಬಳೇ ಮಗಳು, ಒಬ್ಬನೇ ಮಗ ಮದುವೆಯಾದ ಮನೆಗಳಲ್ಲಂತೂ ನಾಲ್ಕು ಜನ ಹಿರಿಯರು ಇರುತ್ತಾರೆ. ಎಲ್ಲರನ್ನೂ ಒಂದೇ ಸೂರಿನಡಿ ಇರಿಸಲು ಆಗದು. ಒಬ್ಬರ ಕಡೆಯವರನ್ನು ಮಾತ್ರ ಇರಿಸಿಕೊಳ್ಳುವುದು ನ್ಯಾಯವೂ ಅಲ್ಲ. ಒಂದೇ ಬಡಾವಣೆಯಲ್ಲಿ ಮೂರು ಮನೆ ಮಾಡಿದರೆ ಬೀಗರೇ ಒಬ್ಬರಿಗೊಬ್ಬರು ಜೊತೆಯಾಗುತ್ತಾರೆ.

ಖರ್ಚು ಮಾತ್ರ ಜಾಸ್ತಿ. ಎರಡು ಬಾಡಿಗೆ, ಎರಡು ಅಡ್ವಾನ್ಸ್, ಎರಡು ಮೇಂಟೆನೆನ್ಸ್. ಸಿಟಿಯ ನಡುವೆ ಇದು ಆಗದಿದ್ದರೆ, ಸ್ವಲ್ಪ ಹೊರಗಿನ ಬಡಾವಣೆಯಲ್ಲಿ ಎರಡು ಸಣ್ಣ ಮನೆ ಮಾಡುವುದು, ನಡುವಿನಲ್ಲಿ ಒಂದು ದೊಡ್ಡ ಮನೆಯಲ್ಲಿ ಇಕ್ಕಟ್ಟಿನಲ್ಲಿರುವುದಕ್ಕಿಂತ ಒಳ್ಳೆಯದು. ಹತ್ತಿರದಲ್ಲಿ ಆಸ್ಪತ್ರೆ ಇದೆಯೇ ಅಂತ ನೋಡಿಕೊಳ್ಳಿ.

ಪಾಳಿ ಬೇಡ

ಗಂಡುಮಕ್ಕಳು ಮೂವರಿದ್ದರೆ ಒಬ್ಬೊಬ್ಬರ ಮನೆಯಲ್ಲಿ ನಾಲ್ಕು ನಾಲ್ಕು ತಿಂಗಳು. ಇಲ್ಲವೇ ಅಪ್ಪ ದೊಡ್ಡವನ ಹತ್ತಿರ, ಅಮ್ಮ ಚಿಕ್ಕವನ ಹತ್ತಿರ. ಹಿಸ್ಸೆ ಆದ ಮನೆಗಳಲ್ಲಿ ಪಾತ್ರೆ ಪಗಡದ ಜೊತೆ ಅಪ್ಪ ಅಮ್ಮನೂ ಪಾಲಾಗುತ್ತಾರೆ. ನಾಲ್ಕು ದಶಕ ಒಟ್ಟಿಗೆ ಬಾಳಿದ ಗಂಡ ಹೆಂಡತಿಯನ್ನು ಕೊನೆಗಾಲದಲ್ಲಿ ಬೇರೆ ಮಾಡುವುದು ಕ್ರೌರ್ಯ. ಇದನ್ನು ಮೆದುವಾಗಿ ಹೇಳಲು ನನಗೆ ಬರುವುದಿಲ್ಲ. ಪಾಳಿಯಲ್ಲಿ ಡಾಕ್ಟರ್ ಬದಲಾಗುತ್ತಾರೆ, ಮಾತ್ರೆ ಡಬ್ಬಿ ಕಳೆದುಹೋಗುತ್ತದೆ. ಮರೆವು ಶುರುವಾದವರಿಗೆ ಹೊಸ ಮನೆಯಲ್ಲಿ ಬಾತ್‌ರೂಮ್ ಎಲ್ಲಿ ಅಂತಲೇ ತಿಳಿಯದೆ ರಾತ್ರಿಯೆಲ್ಲ ಗಾಬರಿ. ಅಪ್ಪ ಅಮ್ಮ ಒಂದೇ ಕಡೆ ಇರಲಿ, ಮಕ್ಕಳು ಪಾಳಿ ಹಾಕಿಕೊಂಡು ಅಲ್ಲಿಗೆ ಹೋಗಲಿ. ಹೋಗಲಾಗದವರು ದುಡ್ಡು ಕೊಡಲಿ.

ಊರಲ್ಲೇ ಇರುತ್ತೇವೆ ಅಂದರೆ

ಇರಲಿ ಬಿಡಿ. ತೋಟ, ಹಸು, ಪರಿಚಯದ ಅಂಗಡಿ, ಕರೆದರೆ ಬರುವ ನೆರೆಯವರು ಇರುವ ಕಡೆ ಅವರು ಸಿಟಿಯ ಹನ್ನೊಂದನೇ ಮಹಡಿಗಿಂತ ಚೆನ್ನಾಗಿರುತ್ತಾರೆ. ಮನೆಯ ಇನ್ನೊಂದು ಬೀಗದ ಕೈ ನೆರೆಯವರ ಹತ್ತಿರ ಇರಲಿ. ಹಿರಿಯರ ಸಹಾಯಕ್ಕೆ ದೇಶದಾದ್ಯಂತ 14567 ಇದೆ, ಬೆಂಗಳೂರಿನಲ್ಲಿ 1090. ಎರಡನ್ನೂ ಅವರ ಫೋನಿನಲ್ಲಿ ಹಾಕಿಕೊಡಿ.

ವಿದೇಶದಲ್ಲಿರುವ ಮಕ್ಕಳು ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಮುಂಚೆ ವೀಸಾ ಜೊತೆ ಆಸ್ಪತ್ರೆ ಖರ್ಚನ್ನೂ ನೋಡಬೇಕು. ಅಮೆರಿಕಕ್ಕೆ ವಿಸಿಟರ್ ವೀಸಾದಲ್ಲಿ ಬಂದವರಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ 6 ತಿಂಗಳು ಸಿಗುತ್ತದೆ. ಗ್ರೀನ್ ಕಾರ್ಡ್ ಮಾಡಿಸಿದರೂ, ಅಲ್ಲಿ ದುಡಿಯದ ಹಿರಿಯರು ಮೆಡಿಕೇರ್ (ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಕೊಳ್ಳಲು 5 ವರ್ಷ ಕಾಯಬೇಕು. ಅಪ್ಪ ಅಮ್ಮ, ಅಜ್ಜ ಅಜ್ಜಿಗೆಂದೇ ಇರುವ ಕೆನಡಾದ ಸೂಪರ್ ವೀಸಾದಲ್ಲಿ 2022ರಿಂದ ಒಂದೇ ಸಲಕ್ಕೆ 5 ವರ್ಷ ಇರಬಹುದು, ಆದರೆ ಕನಿಷ್ಠ 1 ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಕಡ್ಡಾಯ.

ದುಡ್ಡು ಮತ್ತು ಕಾಗದ

ಒಟ್ಟಿಗಿರುವವರು ದುಡ್ಡಿನ ಮಾತಾಡಲು ನಾಚುತ್ತಾರೆ. ಆಡದಿದ್ದರೆ ಅದು ಅಡುಗೆಮನೆಯಲ್ಲಿ ಬೇರೆ ರೂಪದಲ್ಲಿ ಹೊರಬರುತ್ತದೆ. ಅಪ್ಪನ ಪಿಂಚಣಿ ಅಪ್ಪನ ಖಾತೆಯಲ್ಲೇ ಇರಲಿ. ಅವರು ತರಕಾರಿಗೆ, ಮೊಮ್ಮಕ್ಕಳಿಗೆ ಎಷ್ಟು ಖರ್ಚು ಮಾಡುತ್ತಾರೋ ಅದು ಅವರ ಇಷ್ಟ.

ಮನೆ ಅಪ್ಪನ ಹೆಸರಲ್ಲಿದ್ದು ಮಗ ಅಲ್ಲೇ ಇದ್ದರೆ, ಮಗ ಬಾಡಿಗೆ ಕೊಡಬಹುದು. ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆ ಬರುತ್ತಿದ್ದು, ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ರಿಯಾಯಿತಿಯೂ ಸಿಗುತ್ತದೆ. ಬಾಡಿಗೆ ನಿಜವಾಗಿ ಬ್ಯಾಂಕ್ ಮೂಲಕ ಹೋಗಬೇಕು, ಅಪ್ಪ ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು, ಅಷ್ಟೇ. ಅಪ್ಪನ ಕೈಗೆ ಪ್ರತಿ ತಿಂಗಳು ಹಕ್ಕಿನ ದುಡ್ಡು ಬರುವುದು ತೆರಿಗೆ ಉಳಿತಾಯಕ್ಕಿಂತ ದೊಡ್ಡದು.

ಆರೋಗ್ಯ ವಿಮೆಯಲ್ಲಿ ಎಲ್ಲರನ್ನೂ ಒಂದೇ ಪಾಲಿಸಿಗೆ ಸೇರಿಸಬೇಡಿ. ಇಡೀ ಪಾಲಿಸಿಯ ಪ್ರೀಮಿಯಂ ಮನೆಯ ಅತಿ ಹಿರಿಯರ ವಯಸ್ಸಿನ ಮೇಲೆ ನಿಲ್ಲುತ್ತದೆ. ಅಪ್ಪ ಅಮ್ಮನಿಗೆ ಬೇರೆ ಪಾಲಿಸಿ ಮಾಡಿಸಿ, ಬೇಗ ಮಾಡಿಸಿ. ಮೊದಲೇ ಇರುವ ಕಾಯಿಲೆಗಳಿಗೆ 3 ವರ್ಷದವರೆಗೂ ಕಾಯಬೇಕಾಗಬಹುದು.

ರೇಷನ್ ಕಾರ್ಡ್ ಇರುವ ಮನೆಗಳಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಒಂದು ಕಾರ್ಡಿಗೆ ಒಬ್ಬ ಯಜಮಾನಿಗೆ ಮಾತ್ರ. 2023ರಲ್ಲಿ ಯೋಜನೆ ಬಂದಾಗ ಅತ್ತೆಗೋ ಸೊಸೆಗೋ ಅಂತ ಎಷ್ಟೋ ಮನೆಗಳಲ್ಲಿ ಮಾತು ಬಂತು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಕಾರ್ಡಿನ ಯಜಮಾನಿ ಮನೆಯ ಹಿರಿಯ ಹೆಂಗಸು. ನಿಜವಾಗಿ ಒಲೆ ಬೇರೆಯಾಗಿದ್ದರೆ ಕಾರ್ಡ್ ಬೇರೆ ಮಾಡಿಸಲು ಅರ್ಜಿ ಹಾಕಿ. ದುಡ್ಡಿಗೋಸ್ಕರ ಮನೆ ಒಡೆಯುವುದು ಬೇಡ.

ಆಸ್ತಿಯ ವಿಷಯದಲ್ಲಿ ಹಿರಿಯರಿಗೆ ನನ್ನ ಬೇಡಿಕೆ ಒಂದೇ. ಬದುಕಿರುವಾಗ ಇರುವ ಮನೆಯನ್ನು ಪೂರ್ತಿ ಬರೆದುಕೊಡಬೇಡಿ. ವಿಲ್ ಬರೆಯಿರಿ, ಅದನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ದಾನಪತ್ರವನ್ನೇ ಮಾಡುವುದಾದರೆ, ನಮ್ಮನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಅದರಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಅಂಥ ಷರತ್ತು ಮುರಿದರೆ ಪತ್ರವನ್ನೇ ರದ್ದು ಮಾಡಿಸಬಹುದು. ಅರ್ಜಿ ಹಾಕಬೇಕಾದದ್ದು ಉಪವಿಭಾಗಾಧಿಕಾರಿಯವರ ಮುಂದಿರುವ ನ್ಯಾಯಮಂಡಳಿಗೆ. ಇದೇ ಕಾಯ್ದೆಯಲ್ಲಿ ನೋಡಿಕೊಳ್ಳುವ ಹೊಣೆ ಮಗನಿಗೂ ಮಗಳಿಗೂ ಒಂದೇ.

ಹಕ್ಕೂ ಒಂದೇ. ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಅಪ್ಪನ ಸೈಟಿನಲ್ಲಿ ಅಣ್ಣ ತಮ್ಮ ಸೇರಿ ಮಹಡಿ ಕಟ್ಟುವ ಮುಂಚೆ ಅಕ್ಕ ತಂಗಿಯರನ್ನು ಕೂರಿಸಿಕೊಂಡು ಮಾತಾಡಿ, ಒಪ್ಪಿದ್ದನ್ನು ಬರೆದು ನೋಂದಣಿ ಮಾಡಿಸಿ. ಸೊಸೆಗೂ ಕಾನೂನಿನ ಕಾವಲಿದೆ. ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ, ಗಂಡನ ಜೊತೆ ಸಂಸಾರ ಮಾಡಿಕೊಂಡಿದ್ದ ಮನೆಯಿಂದ ಅವಳನ್ನು ಏಕಾಏಕಿ ಹೊರಗೆ ಹಾಕುವಂತಿಲ್ಲ.

ಮನೆ ಮಾರುವ ಮುಂಚೆ

ಯಾವ ದಾರಿ ಹಿಡಿದರೂ ಮೊದಲು ಮೂರು ತಿಂಗಳು ನಡೆಸಿ ನೋಡಿ. ಊರಿಂದ ಅಪ್ಪ ಅಮ್ಮ ಬರಲಿ, ಆದರೆ ಊರಿನ ಮನೆಯನ್ನು ಮಾರಬೇಡಿ, ಬಾಡಿಗೆಗೂ ಕೊಡಬೇಡಿ. ಆ ಮೂರು ತಿಂಗಳಲ್ಲಿ ಒಂದು ಹಬ್ಬ, ಒಂದು ಪರೀಕ್ಷೆಯ ಸಮಯ, ಸಾಧ್ಯವಾದರೆ ನೆಂಟರು ಬಂದು ತಂಗಿದ ಒಂದು ವಾರ ಇರಲಿ. ಮುಗಿದ ಮೇಲೆ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ಎಲ್ಲರ ಮುಂದೆ ಕೇಳಿದರೆ ಅಮ್ಮ "ನನಗೇನಪ್ಪ, ಚೆನ್ನಾಗಿದೀನಿ" ಅನ್ನುತ್ತಾರೆ, ಸೊಸೆ ತಲೆ ಆಡಿಸುತ್ತಾಳೆ. ಅಮ್ಮನನ್ನು ಸಂಜೆ ವಾಕಿಂಗಿಗೆ ಕರೆದುಕೊಂಡು ಹೋಗಿ ಕೇಳಿ. ಹೆಂಡತಿಯನ್ನು ಮನೆಯ ಹೊರಗೆ, ಪುರುಸೊತ್ತಾಗಿ ಕೂತು ಕೇಳಿ. ಹತ್ತು ವರ್ಷ ದಾಟಿದ ಮಕ್ಕಳನ್ನೂ ಕೇಳಿ, ಅವರಿಗೆ ಗೊತ್ತಿರುವುದು ನಮಗೆ ಗೊತ್ತಿರುವುದಿಲ್ಲ. ಊರಿನ ಮನೆಯ ಮಾತು ಅದಾದ ಮೇಲೆ ಎತ್ತಿ.